ತಪ್ಪಿಲ್ಲದ ರಸೀದಿ

ಆ ಮುದ್ರಣಾಲಯದಲ್ಲಿ ಕರಡು ತಿದ್ದುವವನನ್ನು ಎಲ್ಲರೂ ಒತ್ತಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮುನ್ನೂರು ಪುಟದ ಪುಸ್ತಕದಲ್ಲಿ ಒಂದೇ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೂ ಅವನ ಕಣ್ಣು ನೇರವಾಗಿ ಅಲ್ಲಿಗೇ ಹೋಗಿ ಕೂರುತ್ತಿತ್ತು. ಊಟದ ಡಬ್ಬಿಗೆ ಸುತ್ತಿದ ಹಳೇ ಪತ್ರಿಕೆಯನ್ನೂ ತಿದ್ದದೆ ಬಿಸಾಡುವ ಪೈಕಿ ಅವನಲ್ಲ. ಒಮ್ಮೆ ಹೆಂಡತಿ ಬರೆದ ಸಾಮಾನಿನ ಚೀಟಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಗಡಿಗೆ ಕಳಿಸಿದ್ದ. ಅಂಗಡಿಯವನು ಕೆಂಪು ಗುರುತು ಬಿದ್ದದ್ದೆಲ್ಲ ಬೇಡವಾದ ಸಾಮಾನು ಎಂದುಕೊಂಡು ಅರ್ಧಕ್ಕರ್ಧ ಬಿಟ್ಟು ಕಟ್ಟಿಕೊಟ್ಟ. ಹೆಂಡತಿ ಆ ವಾರವೆಲ್ಲ ಉಪ್ಪಿಲ್ಲದ ಸಾರು ಬಡಿಸಿ, "ಚೀಟಿಯಲ್ಲಿ ತಪ್ಪಿಲ್ವಲ್ಲ, ತಿನ್ನಿ" ಅಂದಿದ್ದಳು.

ಅವನ ಕೋಣೆ ಮಹಡಿಯ ಮೇಲೆ, ಮೆಟ್ಟಿಲು ಮುಗಿಯುವ ಕಡೆ ಇತ್ತು. ಹಿಂದೆ ಕಾಗದದ ಬಂಡಲು ಪೇರಿಸುತ್ತಿದ್ದ ಜಾಗ. ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ಕಿಟಕಿಯೂ ಇತ್ತು ಅನ್ನಿ, ಆದರೆ ಅದನ್ನು ತೆರೆದರೆ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಅದೂ ಕೈ ಚಾಚಿದರೆ ತಾಗುವಷ್ಟು ಹತ್ತಿರ. ಕೆಳಗಿನ ಯಂತ್ರದ ಸದ್ದಿಗೆ ಗಮನ ಕೆಡುತ್ತದೆಂದು ಬಾಗಿಲು ಮುಚ್ಚಿಕೊಂಡೇ ಅವನು ಇಪ್ಪತ್ತಾರು ವರ್ಷ ಅಲ್ಲಿ ಕೂತಿದ್ದ. ಯಾರೂ ಕೂಡಿಹಾಕಿರಲಿಲ್ಲ, ಅವನಿಗೆ ಅದೇ ಸುಖವಾಗಿತ್ತು. ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮಾತ್ರ ಅದೇ ಕೋಣೆ ಅವನಿಗೆ ಇಲಿಬೋನಿನ ಹಾಗೆ ಕಂಡಿತು.

ಆಗಿದ್ದು ಇಷ್ಟು. ಶುಕ್ರವಾರದ ಪ್ರಯಾಣಕ್ಕೆ ಬಂದಿದ್ದ ಟಿಕೆಟ್ಟಿನಲ್ಲಿ ಆಸನದ ಸಂಖ್ಯೆ ಇರಲಿಲ್ಲ. ಕೇಳೋಣವೆಂದು ಅವನು ಬಸ್ ಕಂಪನಿಗೆ ಫೋನ್ ಮಾಡಿದ. ಆ ಕಡೆ ಮಾತಾಡಿದ ಹೆಂಗಸು ಟಿಕೆಟ್ ಸಂಖ್ಯೆ ಕೇಳಿ, ಎರಡು ಸಲ ಹುಡುಕಿ ನೋಡಿ, "ಇದು ನಮ್ಮ ಟಿಕೆಟ್ ಅಲ್ಲ ಸಾರ್" ಎಂದಳು. "ಈ ವಾರ ನೀವು ನಾಲ್ಕನೆಯವರು. ಅದರ ಜೊತೆ ಕೊಡ್ತೀವಿ ಅಂದಿರೋ ಲಾಡ್ಜೂ ಇಲ್ವಂತೆ. ಪಾಪ, ನಿಮ್ಮದೇನೂ ತಪ್ಪಿಲ್ಲ. ಕಾಗದ ನೋಡಿದ್ರೆ ನಾನೂ ನಂಬ್ತಿದ್ದೆ, ಅಷ್ಟು ಚೆನ್ನಾಗಿ ಬರೆದಿದ್ದಾರೆ."

ಒತ್ತಣ್ಣ ಟಿಕೆಟ್ಟನ್ನು ಮತ್ತೊಮ್ಮೆ ನೋಡಿದ. ಚೆನ್ನಾಗಿ ಬರೆದವನು ಯಾರೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಈ ಭೂಮಿಯ ಮೇಲೆ ಇರಲಿಲ್ಲ.

ಒಂದು ತಿಂಗಳ ಹಿಂದೆ ಅವನ ಫೋನಿಗೆ ಜಾಹೀರಾತೊಂದು ಬಂದಿತ್ತು. ಬಸ್ಸು, ಕೊಠಡಿ ಎರಡೂ ಸೇರಿ ಅರ್ಧ ಬೆಲೆಗೆ ಸಮುದ್ರ ತೀರದಲ್ಲಿ ನಾಲ್ಕು ದಿನ. ಇಂಥದ್ದು ಬಂದಾಗ ಲಾಡ್ಜಿಗೆ ನೀವೇ ಫೋನ್ ಹಚ್ಚಿ, ಪೂರ್ತಿ ಹಣ ಮೊದಲೇ ಕಟ್ಟಬೇಡಿ, ಅವಸರ ಮಾಡುವವನನ್ನು ನಂಬಬೇಡಿ ಎಂದು ತಿಳಿದವರು ನೂರು ಬುದ್ಧಿ ಹೇಳುತ್ತಾರೆ. ಒತ್ತಣ್ಣನಿಗೆ ಅದೆಲ್ಲ ಬೇಕಾಗಿರಲಿಲ್ಲ. ಅವನದು ಒಂದೇ ಪರೀಕ್ಷೆ: ಮೋಸಗಾರನಿಗೆ ಕಾಗುಣಿತ ಬರುವುದಿಲ್ಲ. ತಪ್ಪು ಕಂಡರೆ ದುಡ್ಡು ಬಿಚ್ಚಬೇಡಿ, ತಪ್ಪಿಲ್ಲದಿದ್ದರೆ ಧೈರ್ಯವಾಗಿ ಕಟ್ಟಿ. ಇದನ್ನು ಅವನು ಮುದ್ರಣಾಲಯದಲ್ಲೆಲ್ಲ ಸಾರಿಬಿಟ್ಟಿದ್ದ. ಯಜಮಾನರಿಂದ ಹಿಡಿದು ಗುಡಿಸುವವಳವರೆಗೆ ಫೋನಿಗೆ ಏನು ಬಂದರೂ ಮೆಟ್ಟಿಲು ಹತ್ತಿಬಂದು ಇವನಿಗೆ ತೋರಿಸುವುದು ರೂಢಿಯಾಗಿತ್ತು.

ಆ ಜಾಹೀರಾತಿನಲ್ಲಿ ಇಪ್ಪತ್ತಮೂರು ತಪ್ಪಿದ್ದವು. ಕೊಠಡಿ ಹೋಗಿ "ಕೊಟಡಿ" ಆಗಿತ್ತು, ಸ್ವಚ್ಛ ಹೋಗಿ "ಸ್ವಚ್ಚ" ಆಗಿತ್ತು, ಸಮುದ್ರಾಭಿಮುಖ ಎನ್ನಬೇಕಾದ ಕಡೆ "ಸಮುದ್ರಾಬಿಮುಕ" ಎಂದು ಬರೆದು ಸಮುದ್ರದ ಮಾನವನ್ನೇ ಕಳೆದಿದ್ದರು. ಅವನ ಲೆಕ್ಕದಲ್ಲೇ ಅದು ಮೋಸ. ಅಳಿಸಿ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೈ ಕೆರೆಯಿತು. ಇಪ್ಪತ್ತಮೂರನ್ನೂ ತಿದ್ದಿ, "ಸಾರ್ವಜನಿಕರಿಗೆ ಕಳಿಸುವ ಮುನ್ನ ಒಮ್ಮೆ ಬಲ್ಲವರಿಗೆ ತೋರಿಸಿ" ಎಂಬ ಒಗ್ಗರಣೆಯನ್ನೂ ಸೇರಿಸಿ ಬಂದ ನಂಬರಿಗೇ ವಾಪಸು ಕಳಿಸಿದ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಬರೆದವನು ತನ್ನನ್ನು ವ್ಯವಸ್ಥಾಪಕ ಎಂದು ಹೇಳಿಕೊಂಡಿದ್ದ. ಸಾರ್, ಇಷ್ಟು ವರ್ಷ ಯಾರೂ ನಮ್ಮ ತಪ್ಪು ತೋರಿಸಿರಲಿಲ್ಲ, ನಿಮ್ಮಂಥ ವಿದ್ವಾಂಸರ ಸಂಪರ್ಕ ಸಿಕ್ಕಿದ್ದು ನಮ್ಮ ಭಾಗ್ಯ, ಇನ್ನೂ ಒಂದೆರಡು ಕಾಗದ ಇದೆ, ನೋಡಿಕೊಡುತ್ತೀರಾ?

ಇಪ್ಪತ್ತಾರು ವರ್ಷದಲ್ಲಿ ಒತ್ತಣ್ಣನನ್ನು ವಿದ್ವಾಂಸ ಎಂದವರು ಇರಲಿಲ್ಲ. ಲೇಖಕರು ಅವನ ಕೆಂಪು ಶಾಯಿ ನೋಡಿ ಮುಖ ಗಂಟಿಕ್ಕುತ್ತಿದ್ದರು, ಯಜಮಾನರು ತಡವಾಯಿತೆಂದು ಗೊಣಗುತ್ತಿದ್ದರು. ಈ ವ್ಯವಸ್ಥಾಪಕ ಹಚ್ಚಿದ ಬೆಣ್ಣೆಗೆ ಅವನು ಜಾರಿಯೇ ಹೋದ. ಒಂಬತ್ತು ದಿನ ಕೂತು ನಿಯಮಗಳ ಪಟ್ಟಿ, ಗ್ರಾಹಕರಿಗೆ ಕೊಡುವ ಉತ್ತರಗಳು, ಟಿಕೆಟ್ಟಿನ ಮಾದರಿ, ರಸೀದಿ, ಎಲ್ಲವನ್ನೂ ತಿದ್ದಿಕೊಟ್ಟ. ತಿದ್ದಿದ್ದಷ್ಟೇ ಅಲ್ಲ, ಚಂದ ಮಾಡಿದ. ಅವರು "ಬೇಗ ದುಡ್ಡು ಹಾಕಿ ಇಲ್ಲಾಂದ್ರೆ ರೂಮು ಸಿಗಲ್ಲ" ಎಂದು ಬರೆದಿದ್ದ ಕಡೆ ಇವನು, "ಕೊಠಡಿಗಳು ಮಿತ ಸಂಖ್ಯೆಯಲ್ಲಿರುವುದರಿಂದ, ಪೂರ್ಣ ಮೊತ್ತ ಪಾವತಿಸಿದವರಿಗೆ ಆದ್ಯತೆ ನೀಡಲಾಗುವುದು" ಎಂದು ಬರೆದ. ರಸೀದಿಯ ಕೊನೆಯಲ್ಲಿದ್ದ "ನಾವು ರುಣಿ" ಎಂಬುದನ್ನು "ತಾವು ಇಟ್ಟಿರುವ ವಿಶ್ವಾಸಕ್ಕೆ ನಾವು ಋಣಿ" ಎಂದು ಮಾಡಿದ. ಆ ಋ ನೋಡಿಕೊಂಡು ಅವನಿಗೆ ಒಂದು ಗಳಿಗೆ ಕಣ್ಣು ತುಂಬಿತ್ತು.

ಅಷ್ಟಾದ ಮೇಲೆ ವ್ಯವಸ್ಥಾಪಕ, ಸಾರ್ ನೀವು ನಮ್ಮವರೇ, ಸಮುದ್ರಾಭಿಮುಖ ಕೊಠಡಿ ನಿಮಗೇ ಮೀಸಲು ಎಂದ. ಹೆಂಡತಿ ಮದುವೆಯಾದ ಹೊಸದರಲ್ಲಿ ಸಮುದ್ರ ನೋಡಬೇಕು ಅಂದಿದ್ದಳು, ಆಮೇಲೆ ಕೇಳುವುದನ್ನೇ ಬಿಟ್ಟಿದ್ದಳು. ಒತ್ತಣ್ಣ ಎಲ್ಲ ಕಾಗದಗಳನ್ನೂ ಮತ್ತೊಮ್ಮೆ ಓದಿದ. ಒಂದೂ ತಪ್ಪಿರಲಿಲ್ಲ. ತಾನೇ ತಿದ್ದಿದ್ದರಿಂದ ತಪ್ಪಿರಲಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆಯಲಿಲ್ಲ. ಪೂರ್ಣ ಮೊತ್ತ ಪಾವತಿಸಿ ಆದ್ಯತೆ ಪಡೆದ.

ಈಗ ಮೇಜಿನ ಮೇಲೆ ಫೋನ್ ಮಗುಚಿಟ್ಟು ಅವನು ಗೋಡೆ ನೋಡುತ್ತ ಕೂತ. ಪೊಲೀಸರಿಗೆ ಹೇಳಬೇಕು. ಹೇಳಿದರೆ ಫೋನ್ ತೋರಿಸಬೇಕು. ಫೋನ್ ತೋರಿಸಿದರೆ ಒಂಬತ್ತು ದಿನದ ಅವನ ಬರವಣಿಗೆಯೆಲ್ಲ ಹೊರಬರುತ್ತದೆ. ಹೆಂಡತಿಗೆ ಹೇಳಬೇಕು. ಅವಳು ಇಡೀ ಬೀದಿಗೆ ಡಂಗುರ ಹೊಡೆದಾಗಿದೆ. ಯಜಮಾನರಿಗೆ ಗೊತ್ತಾದರೆ ನಗುತ್ತಾರೆ, ಆ ನಗು ಕೆಳಗಿನ ಯಂತ್ರದವರೆಗೆ ಹೋಗುತ್ತದೆ. ಯಾವ ಕಡೆ ತಿರುಗಿದರೂ ತಲೆ ತಗಲುತ್ತಿತ್ತು. ಬೇರೆ ಮೂವರು ಮೋಸ ಹೋದ ವಿಷಯವನ್ನು ಅವನು ಆಗ ಯೋಚಿಸಲೇ ಇಲ್ಲ, ಅದನ್ನೂ ಹೇಳಿಬಿಡಬೇಕು.

ಬಾಗಿಲು ತಟ್ಟಿದ ಸದ್ದಾಯಿತು. ಬಂದವಳು ಕೆಳಗೆ ಹೊಲಿಗೆ ಮೇಜಿನಲ್ಲಿ ಕೂರುವವಳು. ಅಚ್ಚಾದ ಹಾಳೆಗಳನ್ನು ಮಡಿಸಿ, ಹದಿನಾರು ಪುಟದ ಒಂದೊಂದು ಫಾರಂ ಮಾಡಿ, ಅವನ್ನು ದಾರದಲ್ಲಿ ಹೊಲಿದು ಪುಸ್ತಕದ ಬೆನ್ನು ಕಟ್ಟುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಇವನನ್ನು ಅಣ್ಣ ಎನ್ನುತ್ತಿದ್ದಳು, ಇವನು ತಂಗಿ ಎನ್ನುತ್ತಿದ್ದ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಹೊಲಿಗೆ ತಂಗಿ. ಗಂಡ ಹಡಗಿನಲ್ಲಿ ಅಡುಗೆಯವನು. ಮಗಳಿಗೆ ನಾಲ್ಕು ವರ್ಷ, ಅಪ್ಪನನ್ನು ಫೋನಿನ ಗಾಜಿನಲ್ಲಿ ಬಿಟ್ಟರೆ ಕಂಡಿಲ್ಲ.

"ಅಣ್ಣ, ಸ್ವಲ್ಪ ಇದನ್ನ ನೋಡಿ" ಎಂದು ಫೋನ್ ಮುಂದಿಟ್ಟಳು. "ಇವರ ಹಡಗು ಶನಿವಾರ ಬಂದರಿಗೆ ಬರುತ್ತಂತೆ. ಮೂರು ದಿನ ನಿಲ್ಲುತ್ತೆ, ಆಮೇಲೆ ಮತ್ತೆ ಎರಡು ವರ್ಷ ಈ ಕಡೆ ಬರಲ್ಲ. ಮಗು ಕರ್ಕೊಂಡು ಹೋಗೋಣ ಅಂತ. ಅಲ್ಲೇ ಹತ್ತಿರ ಕೊಠಡಿ, ಬಸ್ಸೂ ಸೇರಿ. ಮಧ್ಯಾಹ್ನದೊಳಗೆ ಕಟ್ಟಿದ್ರೆ ಮಾತ್ರ ಅಂತಾರೆ. ನೀವೊಂದು ಸಲ ಕಣ್ಣಾಡಿಸಿ, ತಪ್ಪಿಲ್ಲಾಂದ್ರೆ ಕಟ್ಟಿಬಿಡ್ತೀನಿ."

ಒತ್ತಣ್ಣ ಓದಿದ. ಓದುವುದೇನು ಬಂತು, ಬಾಯಿಪಾಠವೇ ಇತ್ತು. ಕೊಠಡಿಗಳು ಮಿತ ಸಂಖ್ಯೆಯಲ್ಲಿರುವುದರಿಂದ. ಆ ಅಲ್ಪವಿರಾಮ ಅವನದೇ, ಆ ಪೂರ್ಣವಿರಾಮ ಅವನದೇ.

ಇದು ಮೋಸ ತಂಗಿ, ಕಟ್ಟಬೇಡ. ನಾಲ್ಕು ಮಾತು. ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ನಿಮಗೆ ಹೇಗೆ ಗೊತ್ತು ಅಂತ ಅವಳು ಕೇಳುತ್ತಾಳೆ. ನಾನೂ ಕಟ್ಟಿ ಕೈ ಸುಟ್ಟುಕೊಂಡೆ ಎನ್ನಬೇಕಾಗುತ್ತದೆ. ಇಷ್ಟು ವರ್ಷ ಎಲ್ಲರಿಗೂ ಬುದ್ಧಿ ಹೇಳಿದ ಬಾಯಲ್ಲಿ ಅದನ್ನು ಹೇಳುವುದು ಹೇಗೆ. ಅಷ್ಟರಲ್ಲಿ ಅವನಿಗೆ ಒಂದು ಕಿಂಡಿ ಕಂಡಿತು. ಅವಳು ಮೋಸವೋ ಅಲ್ಲವೋ ಎಂದು ಕೇಳುತ್ತಿಲ್ಲ, ತಪ್ಪಿದೆಯೋ ಇಲ್ಲವೋ ಎಂದು ಕೇಳುತ್ತಿದ್ದಾಳೆ. ತಪ್ಪಿದೆ ಅಂದರೆ ಸಾಕು. ಅವಳೂ ಉಳಿಯುತ್ತಾಳೆ, ತನ್ನ ಮಾನವೂ ಉಳಿಯುತ್ತದೆ.

"ತಪ್ಪಿದೆ" ಎಂದ.

"ಎಲ್ಲಿ ಅಣ್ಣ?"

ಸರಿಯಾದ ಅಕ್ಷರವನ್ನು ತಪ್ಪು ಎಂದು ಅವನು ಹುಟ್ಟಿದ ಮೇಲೆ ಅಂದವನಲ್ಲ. ಬೆರಳು ಸಾಲಿನ ಮೇಲೆ ಓಡಾಡಿ ಒಂದು ಕಡೆ ಕೂತಿತು. "ಇಲ್ಲಿ. ಸಮುದ್ರಾಭಿಮುಖ. ಇದು ತಪ್ಪು."

ಹೊಲಿಗೆ ತಂಗಿ ಬಗ್ಗಿ ನೋಡಿದಳು. ಹುಬ್ಬು ಗಂಟಾಯಿತು. "ಇದು ಸರಿ ಅಲ್ವಾ? ಹೋದ ವರ್ಷ ಆ ಪ್ರವಾಸದ ಪುಸ್ತಕದಲ್ಲಿ 'ಮುಕ' ಅಂತ ಇತ್ತು, ನೀವೇ ಕೆಂಪು ಹಾಕಿ 'ಮುಖ' ಮಾಡಿದ್ರಿ. ಆಗ್ಲೇ ಅಚ್ಚಾಗಿ ನಾನು ಹೊಲಿದೂ ಆಗಿತ್ತು. ಫಾರಂ ಬಿಚ್ಚಿ ಹೊಸ ಹಾಳೆ ಹಾಕಿ ಮತ್ತೆ ಹೊಲಿಸಿದ್ರಿ. ಐನೂರು ಪ್ರತಿ ಅಣ್ಣ, ಬೆರಳು ಬೊಬ್ಬೆ ಬಂದಿತ್ತು. ಅದನ್ನ ನಾನು ಹೇಗೆ ಮರೀಲಿ."

ತಾನು ಕೋಣೆಯಲ್ಲಿ ಕೂತು ಹಾಕಿದ ಒಂದೊಂದು ಕೆಂಪು ಗುರುತೂ ಕೆಳಗೆ ಯಾರದೋ ಬೆರಳಿಗೆ ತಾಗುತ್ತಿತ್ತೆಂದು ಒತ್ತಣ್ಣ ಎಂದೂ ಎಣಿಸಿರಲಿಲ್ಲ. "ಹಾಗಾದ್ರೆ ಇಲ್ಲಿ" ಎಂದು ಮುಂದಿನ ಸಾಲು ತೋರಿಸಿದ. "ಆದ್ಯತೆ ಅನ್ನೋದು ಹೀಗೆ ಬರೆಯಲ್ಲ."

"ಹೇಗೆ ಬರೀತಾರೆ?"

ಇನ್ನೊಂದು ರೀತಿ ಬರೆಯಲು ಬಂದರಲ್ಲವೇ ಅವನು ಹೇಳುವುದು. ಅಷ್ಟು ಹೊತ್ತಿಗೆ ಬಾಗಿಲು ತೆರೆದಿದ್ದನ್ನು ಕಂಡು ಯಜಮಾನರೂ ಒಳಗೆ ಇಣುಕಿದರು. ಏನು ಸಮಾಚಾರ ಎಂದು ಫೋನ್ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಉದ್ದಕ್ಕೂ ಓದಿದರು.

"ಭಾಷೆ ಅಂದ್ರೆ ಇದು" ಎಂದರು. "ಒಂದು ಕೂದಲೆಳೆ ಆಚೀಚೆ ಇಲ್ಲ. ಬರೆದವನು ಯಾರೋ ಚೆನ್ನಾಗಿ ಬಲ್ಲವನು. ಒತ್ತಣ್ಣ, ನಿಮಗೆ ಇವತ್ತು ಕಣ್ಣು ಸರಿ ಇದ್ದಂಗಿಲ್ಲ. ಹೊಟ್ಟೆಕಿಚ್ಚಾ ಹೇಗೆ?" ಎಂದು ತಮ್ಮ ಮಾತಿಗೆ ತಾವೇ ನಕ್ಕು ಹೊರಟುಹೋದರು.

"ಯಾಕೋ ಸರಿ ಕಾಣಲ್ಲ ತಂಗಿ" ಎಂದ ಒತ್ತಣ್ಣ. "ಬಿಟ್ಟುಬಿಡು. ಬಸ್ ನಿಲ್ದಾಣಕ್ಕೇ ಹೋಗಿ ಕೇಳು. ಆ ಲಾಡ್ಜಿಗೆ ಫೋನ್ ಮಾಡಿ ನೋಡು."

"ಇದರಲ್ಲಿರೋ ನಂಬರಿಗೆ ಮಾಡಿದ್ದೆ. ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಗೊತ್ತಾ? ಮಗುಗೆ ಹಾಲು ಬೇಕಾ ಅಂತಲೂ ಕೇಳಿದ್ರು. ನಿಲ್ದಾಣಕ್ಕೆ ಹೋದ್ರೆ ಅರ್ಧ ದಿನದ ಸಂಬಳ ಹೋಗುತ್ತೆ, ಅಲ್ಲಿ ಕೊಠಡಿ ಯಾರು ಕೊಡ್ತಾರೆ?" ಅವಳು ಫೋನ್ ತೆಗೆದುಕೊಂಡು ಎದ್ದಳು. ಅವನ ಮುಖ ನೋಡಿ ಏನನ್ನಿಸಿತೋ, ಬಾಗಿಲಲ್ಲಿ ನಿಂತು, "ನೀವು ಹುಷಾರು ತಪ್ಪಿದ ಹಾಗಿದೆ ಅಣ್ಣ. ಒಂದು ಲೋಟ ಬಿಸಿನೀರು ಕುಡೀರಿ" ಅಂದಳು. ಬಾಗಿಲು ಎಳೆದುಕೊಂಡು ಹೋದಳು.

ಮೆಟ್ಟಿಲಿಳಿಯುವ ಅವಳ ಚಪ್ಪಲಿಯ ಸದ್ದು ಕೇಳುತ್ತಿತ್ತು. ಆಗಲಾದರೂ ಕೂಗಬಹುದಿತ್ತು. ಅವನು ಕೂಗಲಿಲ್ಲ. ತಾನು ಹೇಳುವಷ್ಟು ಹೇಳಿದೆ, ಕೇಳದಿದ್ದರೆ ನಾನೇನು ಮಾಡಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಸುಳ್ಳೆಂದು ಅವನಿಗೆ ಆಗಲೇ ಗೊತ್ತಿತ್ತು.

ಫೋನ್ ಬಡಿದುಕೊಂಡಿತು. ಹೆಂಡತಿ.

"ಹಸಿರು ಚೀಲ ತಗೊಳ್ಳೋಣ್ವಾ, ಕಂದು ಪೆಟ್ಟಿಗೆನಾ?" ಎಂದಳು. ದನಿಯಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. "ಪೆಟ್ಟಿಗೆ ಭಾರ, ನಿಮ್ಮ ಬೆನ್ನು ಹಿಡ್ಕೊಳ್ಳುತ್ತೆ. ಪಕ್ಕದ ಮನೆಯವಳಿಗೆ ಬೀಗದ ಕೈ ಕೊಟ್ಟಾಯ್ತು, ಗಿಡಗಳಿಗೆ ನೀರು ಹಾಕು ಅಂದಿದ್ದೀನಿ. ಅವಳು ಕೇಳ್ತಾಳೆ, ಇತ್ತೀಚೆಗೆ ಮೋಸ ಜಾಸ್ತಿಯಂತೆ, ಸರಿಯಾಗಿ ನೋಡಿದ್ದೀರಾ ಅಂತ. ನಾನು ಹೇಳ್ದೆ, ನಮ್ಮನೆಯವರ ಕಣ್ಣು ತಪ್ಪಿಸಿ ಒಂದು ಚುಕ್ಕೆ ದಾಟಲ್ಲ, ನೀನ್ಯಾವ ಮೋಸ ಹೇಳ್ತೀಯ ಅಂತ. ಸರಿ ತಾನೆ?"

"ಹೂಂ" ಎಂದ.

"ಏನು ಹೂಂ? ಚೀಲನಾ, ಪೆಟ್ಟಿಗೆನಾ?"

"ಚೀಲ."

ಅವನು ಫೋನ್ ಇಟ್ಟ. ಕಿಟಕಿ ತೆರೆದ. ಗೋಡೆ. ಮುಚ್ಚಿದ. ಮೇಜಿನ ಮೇಲಿದ್ದ ಕರಡಿನ ಮೊದಲ ಸಾಲನ್ನು ಏಳು ಸಲ ಓದಿದರೂ ಏನು ಬರೆದಿದೆಯೆಂದು ತಲೆಗೆ ಹೋಗಲಿಲ್ಲ. ಹೊಲಿಗೆ ತಂಗಿಯ ಮಗಳನ್ನು ಅವನು ಒಮ್ಮೆ ನೋಡಿದ್ದ. ಕೆಳಗೆ ಕತ್ತರಿಸಿದ ಕಾಗದದ ಚೂರುಗಳ ರಾಶಿಯಲ್ಲಿ ಕೂತು ದೋಣಿ ಮಾಡಿಕೊಡು ಎಂದು ಪೀಡಿಸಿದ್ದಳು. ಆ ಮಗು ಶನಿವಾರ ಗುರುತು ಪರಿಚಯವಿಲ್ಲದ ಊರಿನಲ್ಲಿ, ಇಲ್ಲದ ಲಾಡ್ಜಿನ ಬಾಗಿಲು ಹುಡುಕುತ್ತ, ಅಮ್ಮನ ಸೆರಗು ಹಿಡಿದು ಬೀದಿ ಬೀದಿ ಅಲೆಯುತ್ತದೆ. ಇಲ್ಲ, ಅಲ್ಲಿಯವರೆಗೂ ಹೋಗಲಾರರು, ಬಸ್ಸೇ ಹತ್ತಿಸಿಕೊಳ್ಳುವುದಿಲ್ಲ. ಅಪ್ಪ ಹಡಗಿನ ಕಟಕಟೆ ಹಿಡಿದು ಮೂರು ದಿನ ನಿಂತು ಹೋಗುತ್ತಾನೆ. ಅದಕ್ಕೆಲ್ಲ ತನ್ನ ಅಲ್ಪವಿರಾಮಗಳೇ ಕಾರಣ.

ಅವನು ಎದ್ದ. ಮೆಟ್ಟಿಲನ್ನು ಎರಡೆರಡು ಹಾರುತ್ತ ಇಳಿದ. ಅಷ್ಟು ವಯಸ್ಸಾದ ಮನುಷ್ಯ ಹಾಗೆ ಇಳಿದದ್ದನ್ನು ಯಂತ್ರದವನು ಬಾಯಿ ಬಿಟ್ಟು ನೋಡಿದ.

ಹೊಲಿಗೆ ಮೇಜಿನ ಮೇಲೆ ಫಾರಂಗಳ ರಾಶಿಗೆ ಫೋನ್ ಒರಗಿಸಿಟ್ಟು ಅವಳು ದಾರ ಎಳೆಯುತ್ತಿದ್ದಳು. ಮುಖ ಅರಳಿತ್ತು. ಯಂತ್ರದ ಸದ್ದಿಗೆ ಏನಂದಳೆಂದು ಕೇಳಿಸಲಿಲ್ಲ, ಫೋನನ್ನು ತಿರುಗಿಸಿ ಬಂದ ರಸೀದಿ ತೋರಿಸಿದಳು. ತಾವು ಇಟ್ಟಿರುವ ವಿಶ್ವಾಸಕ್ಕೆ ನಾವು ಋಣಿ.

"ಅದು ಮೋಸ" ಎಂದ ಒತ್ತಣ್ಣ.

ಅವಳು ಕಿವಿಗೆ ಕೈ ಹಚ್ಚಿ, ಏನು ಎಂಬಂತೆ ತಲೆ ಆಡಿಸಿದಳು.

"ಅದು ಮೋಸ. ನಾನೂ ದುಡ್ಡು ಕಳ್ಕೊಂಡೆ."

ಮತ್ತೂ ಕೇಳಿಸಲಿಲ್ಲ. ಅವನು ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ. ಅವನು ಬಾಯಿ ತೆರೆಯುವುದಕ್ಕೂ ಹಾಳೆ ಸಿಕ್ಕಿಕೊಂಡು ಯಂತ್ರ ನಿಲ್ಲುವುದಕ್ಕೂ ಸರಿಹೋಯಿತು. "ಆ ಕಾಗದ ಬರೆದುಕೊಟ್ಟವನು ನಾನೇ" ಎಂಬ ಮಾತು ಗೋಡೆಗೆ ಬಡಿದು ಇಡೀ ಮುದ್ರಣಾಲಯಕ್ಕೆ ಕೇಳಿಸಿತು. ಕಾಗದ ಕತ್ತರಿಸುವವನು ಕತ್ತರಿಸುವುದು ನಿಲ್ಲಿಸಿದ. ಯಜಮಾನರು ತಮ್ಮ ಗಾಜಿನ ಕೋಣೆಯಿಂದ ಎದ್ದು ಬಂದರು.

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ಇಪ್ಪತ್ತಮೂರು ತಪ್ಪು, ಒಂಬತ್ತು ದಿನ, ವಿದ್ವಾಂಸ ಅಂದದ್ದು, ಬಸ್ ಕಂಪನಿಯ ಹೆಂಗಸು ಹೇಳಿದ್ದು. ಹೇಳುತ್ತ ಹೇಳುತ್ತ ಅವನ ದನಿ ಸಣ್ಣಗಾಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಎನ್ನಿಸಿತು ಅವನಿಗೆ.

ಹೊಲಿಗೆ ತಂಗಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಫಾರಂ ಹೊಲಿದು ಮುಗಿಸಿದಳು. ಗಂಟು ಹಾಕಿದಳು, ದಾರ ಕತ್ತರಿಸಿದಳು. ಸೂಜಿಯನ್ನು ಅದರ ಜಾಗದಲ್ಲಿ ಚುಚ್ಚಿಟ್ಟಳು.

"ನಾನು ಮೇಲೆ ಬಂದಾಗ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು."

"ಗೊತ್ತಿದ್ದೂ 'ಮುಖ' ತಪ್ಪು ಅಂದ್ರಿ."

ಅವಳು ಬೈದಿದ್ದರೆ, ಅತ್ತಿದ್ದರೆ, ಫಾರಂ ಎತ್ತಿ ಮುಖಕ್ಕೆ ಎಸೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಅಷ್ಟೇ ಅಂದು ಚೀಲ ಹೆಗಲಿಗೆ ಹಾಕಿಕೊಂಡಳು. ನಡೀರಿ, ಪೊಲೀಸ್ ಠಾಣೆಗೆ ಹೋಗೋಣ ಅಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾತಿನ ಕೊನೆಗೆ ಅಣ್ಣ ಎನ್ನಲಿಲ್ಲ.

ಠಾಣೆಯಲ್ಲಿ ಉದ್ದನೆಯ ಬೆಂಚು, ಒಂದು ಕಟಕಟೆ, ಅದರ ಹಿಂದೆ ದೂರು ಬರೆದುಕೊಳ್ಳುವ ಪೇದೆ. ಅವನಿಗೆ ಕೆಲಸ ಜಾಸ್ತಿ, ತಾಳ್ಮೆ ಕಡಿಮೆ. ಇವರ ಮುಂದೆ ಐದು ಜನರಿದ್ದರು. ಕಾಯುತ್ತ ಕೂತಾಗ ಒತ್ತಣ್ಣ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದ. ಅವಳು ಯಾವ ಠಾಣೆ ಎಂದಷ್ಟೇ ಕೇಳಿ ಇಟ್ಟುಬಿಟ್ಟಳು.

ಒಂದೂವರೆ ಗಂಟೆಯ ಮೇಲೆ ಅವಳು ಬಂದಳು. ಹಸಿರು ಚೀಲ ಹೆಗಲಲ್ಲೇ ಇತ್ತು. ಗಂಡನ ಕಡೆ ತಿರುಗಿಯೂ ನೋಡದೆ ಹೊಲಿಗೆ ತಂಗಿಯ ಪಕ್ಕ ಕೂತಳು. ಮುದ್ರಣಾಲಯದವರ ವಿಷಯ ಮನೆಯಲ್ಲಿ ದಿನಾ ಕೇಳಿದ್ದರಿಂದ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

"ಬಸ್ ನಿಲ್ದಾಣದಿಂದ ಬರ್ತಾ ಇದ್ದೀನಿ ಕಣಮ್ಮ" ಎಂದು ಮೂರು ಚೀಟಿ ತೆಗೆದು ಅವಳ ಕೈಗಿಟ್ಟಳು. "ಕಿಟಕಿಯಲ್ಲಿ ನಿಂತು, ಎದುರಿಗೇ ಮುದ್ರೆ ಹೊಡೆಸಿಕೊಂಡು ತಗೊಂಡಿದ್ದು. ಶುಕ್ರವಾರ ಬೆಳಿಗ್ಗೆಯದು. ನಿನಗೊಂದು, ಮಗುಗೊಂದು, ನನಗೊಂದು. ಕೊಠಡಿನ ಅಲ್ಲೇ ಹೋಗಿ, ಕಣ್ಣಾರೆ ನೋಡಿ ಹಿಡಿಯೋಣ. ಸಿಗದಿದ್ರೆ ನಿಲ್ದಾಣದಲ್ಲಿ ಹೆಂಗಸರ ವಿಶ್ರಾಂತಿ ಕೋಣೆ ಇದೆಯಂತೆ, ಕೇಳಿದ್ದೀನಿ. ಹೊಸ ಊರಲ್ಲಿ ಒಬ್ಬಳೇ ಮಗು ಕಟ್ಟಿಕೊಂಡು ಅಲೆಯೋದು ಬೇಡ. ನಿನ್ನ ಗಂಡನ್ನ ನೋಡು, ನಾನು ಸಮುದ್ರ ನೋಡ್ತೀನಿ."

ಹೊಲಿಗೆ ತಂಗಿಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಅವಳು ಚೀಟಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಬಗ್ಗಿಸಿ ಅತ್ತಳು.

"ಮತ್ತೆ ನನಗೆ?" ಎಂದ ಒತ್ತಣ್ಣ. ಕೇಳಬಾರದಿತ್ತು, ಬಾಯಿ ತಪ್ಪಿ ಬಂತು.

"ನಿಮಗೆ ಇಲ್ಲಿ ಕೆಲಸ ಇದೆಯಲ್ಲ" ಎಂದಳು ಹೆಂಡತಿ. ಸಿಟ್ಟಿನಿಂದಲ್ಲ. ಸಾಮಾನಿನ ಚೀಟಿ ಓದಿ ಹೇಳುವವಳ ಹಾಗೆ ಹೇಳಿದಳು. ಅದೇ ಅವನಿಗೆ ಹೆಚ್ಚು ನೋವಾಯಿತು.

ಸರದಿ ಬಂತು. ಒತ್ತಣ್ಣ ಫೋನ್ ಕಟಕಟೆಯ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದ, ಏನನ್ನೂ ಬಚ್ಚಿಡಲಿಲ್ಲ. ಪೇದೆ ಅರ್ಧ ಕೇಳಿ, ಅರ್ಧ ತನಗೆ ತೋಚಿದ್ದು ಬರೆದು, ಒಂದು ಪುಟ ತುಂಬಿಸಿ ಅವನ ಕಡೆ ತಳ್ಳಿದ. "ಓದಿ ಸಹಿ ಹಾಕಿ. ಬೇಗ, ಹಿಂದೆ ಜನ ಇದ್ದಾರೆ."

ಅವನು ಓದಿದ. ಕೈ ತಾನಾಗಿ ಜೇಬಿಗೆ ಹೋಗಿ ಕೆಂಪು ಪೆನ್ನು ತೆಗೆಯಿತು. ಪ್ರಯಾಣ ಎಂಬಲ್ಲಿ ಬಾಣದ ಣ ಹೋಗಿ ನ ಆಗಿತ್ತು. ಠಾಣೆ ಎಂಬಲ್ಲಿ ಠ ಬದಲಿಗೆ ಟ ಇತ್ತು. ಏಳು ಕಡೆ ಗುರುತು ಹಾಕಿದ. ಪೇದೆ ಮುಖ ಸಿಂಡರಿಸಿದ. ಹೊಲಿಗೆ ತಂಗಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದು ನಿಂತಿದ್ದಳು. ಅವಳೂ ಸಾಕ್ಷಿಯಾಗಿ ಸಹಿ ಹಾಕಬೇಕಿತ್ತು. ಅವನ ಬೆರಳು ಹೋದ ಕಡೆಯೆಲ್ಲ ಅವಳ ಕಣ್ಣೂ ಹೋಗುತ್ತಿತ್ತು.

ಕೊನೆಯ ಸಾಲಿಗೆ ಬಂದ. ಮೋಸ ಹೋಗಿರುತ್ತೇನೆ ಎಂದು ಬರೆಯಬೇಕಾದ ಕಡೆ ಪೇದೆ ಅವಸರದಲ್ಲಿ ಬೇರೆಯೇ ಬರೆದಿದ್ದ: "ಈ ಕೆಳಗೆ ಸಹಿ ಮಾಡಿರುವ ನಾನು, ಪ್ರಯಾಣದ ಕೊಠಡಿ ಮತ್ತು ಟಿಕೆಟ್ ವಿಷಯದಲ್ಲಿ ಮೋಸ ಮಾಡಿರುತ್ತೇನೆ."

ಒತ್ತಣ್ಣ ಆ ಸಾಲನ್ನು ಒಮ್ಮೆ ಓದಿದ, ಇನ್ನೊಮ್ಮೆ ಓದಿದ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟು, ಪೇದೆಯ ನೀಲಿ ಪೆನ್ನು ಕೇಳಿ ತೆಗೆದುಕೊಂಡ.

"ಒಂದು ತಪ್ಪು ಬಿಟ್ಟಿದ್ದೀರಿ" ಎಂದಳು ಹೊಲಿಗೆ ತಂಗಿ, ಸಾಲಿನ ಮೇಲೆ ಬೆರಳಿಟ್ಟು.

"ಇಲ್ಲ ತಂಗಿ" ಎಂದ ಒತ್ತಣ್ಣ. "ಅದು ಸರಿಯಾಗೇ ಇದೆ." ಸಹಿ ಹಾಕಿ, ಅವಳ ಕೈಗೆ ಪೆನ್ನು ಕೊಟ್ಟ.